ತಡೆದು ಬೀಳುವ ಏಟು

ಸೈಬರ್ ಕೆಫೆಯಲ್ಲಿ ನಾವು ಕೌಂಟರ್-ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡುತ್ತಿದ್ದಾಗ ಮೋಸಗಾರನ ಪರದೆ ಪಕ್ಕದಲ್ಲೇ ಕಾಣುತ್ತಿತ್ತು. ಆನ್‌ಲೈನ್ ಆಟಕ್ಕೆ ಆ ಕಾವಲಿಲ್ಲ. 2002ರಲ್ಲಿ ಆ ಆಟದ ಒಡೆಯ ವಾಲ್ವ್ ಕಂಪನಿ ಮೋಸ ಪತ್ತೆಹಚ್ಚುವ 'ವ್ಯಾಕ್' ತಂತ್ರಾಂಶ ತಂದದ್ದು ಅದಕ್ಕೇ. ಅದು ಮುಂದೆ ಕಲಿತ ಒಂದು ಜಾಣತನ ನನಗೆ ಬಹಳ ಇಷ್ಟ: ಮೋಸ ಪತ್ತೆಯಾದ ಕ್ಷಣವೇ ಹೊರಗಟ್ಟದೆ, ಕೆಲಕಾಲ ಬಿಟ್ಟು ಗುಂಪುಗುಂಪಾಗಿ ನಿಷೇಧಿಸುವುದು. ಯಾವ ತಂತ್ರ ಸಿಕ್ಕಿಬಿತ್ತೆಂದು ಮೋಸದ ತಂತ್ರಾಂಶ ಬರೆದು ಮಾರುವವನಿಗೆ ತಿಳಿಯಬಾರದು. ಅಷ್ಟರಲ್ಲಿ ಪ್ರಾಮಾಣಿಕರು ಸೋಲುತ್ತಲೇ ಇರುತ್ತಾರೆ, ಅದು ಅನ್ಯಾಯವೇ.

2013ರಲ್ಲಿ ವಾಲ್ವ್‌ನದೇ 'ಓವರ್‌ವಾಚ್' ವ್ಯವಸ್ಥೆ ಬಂತು. ಅನುಭವಿ ಆಟಗಾರರೇ ಹೆಸರು ಮರೆಮಾಡಿದ ಆಟದ ದಾಖಲೆ ನೋಡಿ ತೀರ್ಪು ಕೊಡತೊಡಗಿದರು.

ಆದರೂ 2018ರಲ್ಲಿ ಶಾಂಘೈನ ಕೌಂಟರ್-ಸ್ಟ್ರೈಕ್ ಪಂದ್ಯಾವಳಿಯಲ್ಲಿ ಭಾರತದ ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ಗುರಿ ತಿದ್ದುವ ತಂತ್ರಾಂಶ 'ವರ್ಡ್' ಎಂಬ ಹೆಸರಿನಲ್ಲಿ ಅಡಗಿತ್ತು. ಅವನಿಗೆ 5 ವರ್ಷ ನಿಷೇಧವಾಯಿತು. ತಂಡವೇ ಮುಚ್ಚಿತು, ಜೊತೆಗಾರರೂ ಬೀದಿಗೆ ಬಿದ್ದರು.