ಗೊರಕೆ ಕಾಯಿಲೆಗೆ ಮಷಿನ್: ಫಿಕ್ಸೆಡ್ ತಗೋಬೇಕಾ, ಆಟೋ ತಗೋಬೇಕಾ? ದುಡ್ಡು ಕೊಡೋ ಮುಂಚೆ ಇಷ್ಟು ತಿಳ್ಕೊಳ್ಳಿ

ರಾತ್ರಿಯೆಲ್ಲ ಮನೆ ಅದುರುವಂಥ ಗೊರಕೆ. ನಡುನಡುವೆ ಗೊರಕೆ ಪಟ್ಟನೆ ನಿಂತು ಉಸಿರೇ ಇಲ್ಲದ ಹಾಗೆ ಮೌನ. ಪಕ್ಕದಲ್ಲಿ ಮಲಗಿದವರು ಗಾಬರಿಯಿಂದ ಎದ್ದು ಕೂರುವಷ್ಟರಲ್ಲಿ, ನೀರಲ್ಲಿ ಮುಳುಗಿ ಎದ್ದವರ ಹಾಗೆ ಒಮ್ಮೆ ಜೋರಾಗಿ ಉಸಿರೆಳೆದು ಮತ್ತೆ ಗೊರಕೆ ಶುರು. ಬೆಳಿಗ್ಗೆ ತಲೆಭಾರ, ಮಧ್ಯಾಹ್ನ ಗಲ್ಲಾ ಮುಂದೆ ಕೂತಲ್ಲೇ ತೂಕಡಿಕೆ.

ಇದನ್ನ ಎಷ್ಟೋ ಜನ "ದಿನವೆಲ್ಲ ಓಡಾಟ, ಸುಸ್ತು" ಅಂತ ಬಿಟ್ಟುಬಿಡ್ತಾರೆ. ಧೈರ್ಯ ಮಾಡಿ ಡಾಕ್ಟರ್ ಹತ್ರ ಹೋಗಿ ಪರೀಕ್ಷೆ ಮಾಡಿಸಿದವರಿಗೆ "ರಾತ್ರಿ ಮಷಿನ್ ಹಾಕ್ಕೊಂಡು ಮಲಗಿ" ಅಂದಾಗ ಹೊಸ ಗೊಂದಲ. ಮಷಿನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಫಿಕ್ಸೆಡ್, ಅದಕ್ಕೆ ಬೆಲೆ ಕಡಿಮೆ. ಇನ್ನೊಂದು ಆಟೋಮ್ಯಾಟಿಕ್, ಅದಕ್ಕೆ ಹೆಚ್ಚು. ದುಬಾರಿಯದ್ದೇ ಒಳ್ಳೇದಾ? ಕಡಿಮೆ ಬೆಲೆಯದ್ದು ತಗೊಂಡ್ರೆ ತಪ್ಪಾಗುತ್ತಾ? ಇದು ಹತ್ತಾರು ಸಾವಿರ ರೂಪಾಯಿ ಪ್ರಶ್ನೆ. ಕೆಲವರಿಗೆ ಜೀವದ ಪ್ರಶ್ನೆಯೂ ಹೌದು.

ಮೊದಲು ಕಾಯಿಲೆ ಯಾವುದು?

ಇದರ ಹೆಸರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ. ಎದೆ ಉಸಿರೆಳೆಯೋಕೆ ಒದ್ದಾಡ್ತಾ ಇರುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಮಿದುಳು ಎಚ್ಚರಿಸುತ್ತೆ, ಉಸಿರು ಬರುತ್ತೆ, ಮತ್ತೆ ನಿದ್ದೆ. ಇದು ರಾತ್ರಿಯಿಡೀ ನಡೆದರೂ ಬೆಳಿಗ್ಗೆ ಎದ್ದವರಿಗೆ ನೆನಪಿರಲ್ಲ.

ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ 5ರಿಂದ 15 ಸಲ ಹೀಗಾದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ರಿಪೋರ್ಟ್‌ನಲ್ಲಿ ಇದನ್ನೇ ಎಎಚ್‌ಐ ಅಂತ ಬರೆದಿರ್ತಾರೆ. ಗೊರಕೆ ಹೊಡೆಯೋರಿಗೆಲ್ಲ ಈ ಕಾಯಿಲೆ ಇರುತ್ತೆ ಅಂತೇನಿಲ್ಲ. ಅದಕ್ಕೇ ನಿದ್ದೆ ಪರೀಕ್ಷೆ ಮಾಡಿಸದೆ ಮಷಿನ್ ಕೊಳ್ಳೋದು ಮೊದಲ ತಪ್ಪು.

ಮಷಿನ್ ಮಾಡೋದೇನು?

ಇದು ಆಕ್ಸಿಜನ್ ಕೊಡೋ ಮಷಿನ್ ಅಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಪೈಪ್ ಮತ್ತು ಮಾಸ್ಕ್ ಮೂಲಕ ಹದವಾದ ಒತ್ತಡದಲ್ಲಿ ಮೂಗಿಗೆ ಬಿಡುತ್ತೆ. ಗಾಳಿ ತುಂಬಿದ ಸೈಕಲ್ ಟ್ಯೂಬ್ ಅಂಟಿಕೊಳ್ಳದೆ ಉಬ್ಬಿ ನಿಲ್ಲುವಂತೆ, ಆ ಒತ್ತಡಕ್ಕೆ ಗಂಟಲಿನ ದಾರಿ ತೆರೆದೇ ಇರುತ್ತೆ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ವೈದ್ಯ ಕಾಲಿನ್ ಸಲಿವನ್ ಮತ್ತು ಜೊತೆಯವರು 1981ರಲ್ಲಿ ಈ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದರು. ಇದಕ್ಕೆ ಸಿಪ್ಯಾಪ್ ಅಂತ ಹೆಸರು. ಕೋವಿಡ್ ವೇಳೆ ಎಲ್ಲರ ಬಾಯಲ್ಲಿದ್ದ ಬೈಪ್ಯಾಪ್ ಬೇರೆ. ಅದರಲ್ಲಿ ಉಸಿರು ಎಳೆಯುವಾಗ ಒಂದು ಒತ್ತಡ, ಬಿಡುವಾಗ ಇನ್ನೊಂದು.

ಒತ್ತಡದ ಅಳತೆ ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ. ಮನೆಬಳಕೆಯ ಮಷಿನ್‌ಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಕೊಡುತ್ತವೆ.

ಫಿಕ್ಸೆಡ್ ಅಂದ್ರೆ

ರಾತ್ರಿಯಿಡೀ ಒಂದೇ ಒತ್ತಡ. ಫ್ಯಾನ್ ರೆಗ್ಯುಲೇಟರನ್ನ 3ಕ್ಕೆ ಇಟ್ಟು ಮಲಗಿದ ಹಾಗೆ. ಎಷ್ಟಕ್ಕೆ ಇಡಬೇಕು ಅನ್ನೋದನ್ನ ಡಾಕ್ಟರ್ ಹೇಳಬೇಕು. ಅದಕ್ಕಾಗಿ ಒಂದು ರಾತ್ರಿ ಸ್ಲೀಪ್ ಲ್ಯಾಬ್‌ನಲ್ಲಿ ಮಲಗಿಸಿ, ಟೆಕ್ನಿಷಿಯನ್ ಒತ್ತಡವನ್ನ ಸ್ವಲ್ಪ ಸ್ವಲ್ಪ ಏರಿಸ್ತಾ, ಉಸಿರು ನಿಲ್ಲೋದು ಯಾವ ಒತ್ತಡಕ್ಕೆ ತಪ್ಪುತ್ತೆ ಅಂತ ನೋಡ್ತಾರೆ. ಅಂಗಾತ ಮಲಗಿದಾಗ, ಗಾಢ ಕನಸಿನ ನಿದ್ದೆಯಲ್ಲಿದ್ದಾಗಲೂ ಸಾಕಾಗುವಂಥ ಒತ್ತಡವನ್ನ ಗೊತ್ತು ಮಾಡ್ತಾರೆ.

ಇದರ ಲಾಭ: ಬೆಲೆ ಕಡಿಮೆ, ಸರಳ, ರಾತ್ರಿ ಒತ್ತಡ ಏರಿಳಿದು ನಿದ್ದೆ ಕೆಡೋ ಪ್ರಶ್ನೆ ಇಲ್ಲ. ತೊಂದರೆ: ಲ್ಯಾಬ್ ಇರೋ ಊರಿಗೆ ಹೋಗಬೇಕು. ಮುಂದೆ ತೂಕ ತುಂಬಾ ಏರಿದರೆ ಅಥವಾ ಇಳಿದರೆ ಒತ್ತಡವನ್ನ ಮತ್ತೆ ಹೊಂದಿಸಬೇಕು.

ಆಟೋ ಅಂದ್ರೆ

ರೆಗ್ಯುಲೇಟರ್ ಪಕ್ಕ ಒಬ್ಬರು ರಾತ್ರಿಯಿಡೀ ಎಚ್ಚರ ಕೂತು, ಬೇಕಾದಾಗ ಏರಿಸಿ ಸಾಕಾದಾಗ ಇಳಿಸಿದ ಹಾಗೆ. ಉಸಿರಿನ ಹರಿವು ಕಡಿಮೆಯಾಗ್ತಿದೆಯಾ, ಗೊರಕೆಯ ಕಂಪನ ಇದೆಯಾ ಅಂತ ಮಷಿನ್ ತಾನೇ ಗಮನಿಸಿ ಒತ್ತಡ ಬದಲಿಸುತ್ತೆ. ಉದಾಹರಣೆಗೆ, ಮಗ್ಗುಲಾಗಿ ಮಲಗಿದಾಗ 7 ಸಾಕು, ಅಂಗಾತ ಆದಾಗ 12 ಬೇಕು ಅಂತಿದ್ದರೆ ಅದೇ ಹೊಂದಿಸಿಕೊಳ್ಳುತ್ತೆ. ಮೂಗು ಕಟ್ಟಿದ ದಿನ, ಕುಡಿದು ಮಲಗಿದ ರಾತ್ರಿ ಒತ್ತಡ ಹೆಚ್ಚು ಬೇಕಾಗಬಹುದು. ಅಂಥ ವ್ಯತ್ಯಾಸಕ್ಕೆ ಆಟೋ ಅನುಕೂಲ.

ಆದರೆ ಆಟೋ ಅಂದ ಮಾತ್ರಕ್ಕೆ ಡಾಕ್ಟರ್ ಬೇಡ ಅಂತಲ್ಲ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅನ್ನೋ ಮಿತಿಯನ್ನ ಡಾಕ್ಟರೇ ಹಾಕಿಸಬೇಕು. ಡಬ್ಬಿಯಿಂದ ತೆಗೆದು 4ರಿಂದ 20ಕ್ಕೇ ಬಿಟ್ಟರೆ ಕೆಲವರಿಗೆ ಶುರುವಿನಲ್ಲಿ ಗಾಳಿ ಸಾಲದೆ ಉಸಿರು ಕಟ್ಟಿದಂತಾಗುತ್ತೆ. ಮಾಸ್ಕ್ ಸಡಿಲವಾಗಿ ಗಾಳಿ ಸೋರಿದರೆ ಮಷಿನ್‌ನ ಲೆಕ್ಕವೂ ತಪ್ಪಬಹುದು.

ಹಾಗಾದ್ರೆ ಯಾವುದು ಮೇಲು?

ಬೇರೆ ದೊಡ್ಡ ಕಾಯಿಲೆ ಇಲ್ಲದವರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವರದಿ ಪ್ರಕಾರ, ಫಿಕ್ಸೆಡ್‌ಗಿಂತ ಆಟೋ ಬಳಸಿದವರು ರಾತ್ರಿಗೆ ಸರಾಸರಿ 13 ನಿಮಿಷ ಮಾತ್ರ ಹೆಚ್ಚು ಹೊತ್ತು ಮಷಿನ್ ಹಾಕಿಕೊಂಡಿದ್ದರು. ಹಗಲಿನ ತೂಕಡಿಕೆ ಕಡಿಮೆಯಾಗಿದ್ದರಲ್ಲೂ ವ್ಯತ್ಯಾಸ ಚಿಕ್ಕದೇ. ಅಮೆರಿಕದ ನಿದ್ದೆ ತಜ್ಞರ ಅಕಾಡೆಮಿಯ 2019ರ ಮಾರ್ಗಸೂಚಿ ಕೂಡ ದೊಡ್ಡವರಿಗೆ ಎರಡರಲ್ಲಿ ಯಾವುದನ್ನ ಬೇಕಾದರೂ ಮುಂದುವರಿಸಬಹುದು ಅನ್ನುತ್ತೆ. ಬೇರೆ ಗಂಭೀರ ಕಾಯಿಲೆ ಇಲ್ಲದಿದ್ದರೆ ಲ್ಯಾಬ್‌ಗೆ ಹೋಗದೆ ಮನೆಯಲ್ಲೇ ಆಟೋದಿಂದ ಚಿಕಿತ್ಸೆ ಶುರು ಮಾಡಬಹುದು ಅಂತಲೂ ಹೇಳುತ್ತೆ. ಲ್ಯಾಬ್ ದೂರ ಇರೋ ತಾಲೂಕಿನವರಿಗೆ ಈ ಮಾತು ಮುಖ್ಯ.

ಇನ್ನೊಂದು ದಾರಿಯೂ ಇದೆ. ಆಟೋ ಮಷಿನನ್ನ ಒಂದೆರಡು ವಾರ ಬಾಡಿಗೆಗೆ ತಂದು ಬಳಸೋದು. ಬಹುಪಾಲು ರಾತ್ರಿ ಎಷ್ಟು ಒತ್ತಡ ಬೇಕಾಯ್ತು ಅನ್ನೋದು ಅದರಲ್ಲೇ ದಾಖಲಾಗಿರುತ್ತೆ. ಅದನ್ನ ನೋಡಿ ಡಾಕ್ಟರ್ ಒಂದು ಒತ್ತಡ ಗೊತ್ತು ಮಾಡಿದರೆ ಕಡಿಮೆ ಬೆಲೆಯ ಫಿಕ್ಸೆಡ್ ಕೊಂಡರೂ ನಡೆಯುತ್ತೆ. ಸಾಮಾನ್ಯವಾಗಿ ಆಟೋ ಮಷಿನನ್ನ ಫಿಕ್ಸೆಡ್ ಆಗಿಯೂ ಓಡಿಸಬಹುದು, ಫಿಕ್ಸೆಡ್ ಮಷಿನ್ ಮಾತ್ರ ಆಟೋ ಆಗಲ್ಲ.

ಇವರು ಆಟೋ ಆಸೆಗೆ ಬೀಳಬಾರದು

ಈ ಕೆಳಗಿನ ತೊಂದರೆ ಇರುವವರು ಅಂಗಡಿಯವರ ಮಾತಿನ ಮೇಲೆ ಆಟೋ ತಂದು ಹಾಕಿಕೊಳ್ಳಬಾರದು. ಲ್ಯಾಬ್‌ನಲ್ಲೇ ಪರೀಕ್ಷೆ ಮಾಡಿಸಿ ಒತ್ತಡ ಗೊತ್ತು ಮಾಡಿಸಬೇಕು. ಕೆಲವರಿಗೆ ಬೇರೆಯೇ ಮಷಿನ್ ಬೇಕಾಗಬಹುದು.

- ಹಾರ್ಟ್ ಫೇಲ್ಯೂರ್ ಇರುವವರು
- ಸಿಒಪಿಡಿಯಂಥ ಶ್ವಾಸಕೋಶದ ಕಾಯಿಲೆ ಹೆಚ್ಚಾಗಿರುವವರು
- ತೀರಾ ದಪ್ಪ ಇದ್ದು, ಉಸಿರಾಟ ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವವರು
- ಗಂಟಲು ಮುಚ್ಚದೆಯೂ, ಮಿದುಳಿನಿಂದ ಸಂದೇಶ ಬಾರದೆ ಉಸಿರು ನಿಲ್ಲುವ ಸೆಂಟ್ರಲ್ ಆಪ್ನಿಯಾ ಇರುವವರು

ಆಟೋ ಮಷಿನ್ ಓದೋದು ಗಾಳಿಯ ಹರಿವನ್ನ. ರೋಗಿಯ ಹೃದಯದ ಸ್ಥಿತಿ ಅದಕ್ಕೆ ತಿಳಿಯಲ್ಲ.

ಕೊಳ್ಳುವ ಮುಂಚೆ

ಸೆಕೆಂಡ್ ಹ್ಯಾಂಡ್: ಬೇರೆಯವರಿಗೆ ಇಟ್ಟ ಒತ್ತಡ ನಿಮಗಲ್ಲ. ಸೆಟ್ಟಿಂಗ್ ಬದಲಿಸದೆ ಬಳಸಬೇಡಿ. ಮಾಸ್ಕ್, ಪೈಪ್, ಫಿಲ್ಟರ್ ಹೊಸದೇ ಹಾಕಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಹಲವು ಮಾಡೆಲ್‌ಗಳನ್ನ ಒಳಗಿನ ಫೋಮ್ ಪುಡಿಯಾಗುವ ಕಾರಣಕ್ಕೆ ವಾಪಸ್ ಕರೆಸಿತ್ತು. ಹಳೇ ಮಷಿನ್ ಆದರೆ ಸೀರಿಯಲ್ ನಂಬರ್ ಹಾಕಿ ಕಂಪನಿಯಲ್ಲಿ ವಿಚಾರಿಸಿ.

ಮಾಸ್ಕ್: ಮಷಿನ್‌ಗಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ್ದು ಇದಕ್ಕೆ. ಮುಖಕ್ಕೆ ಕಟ್ಟಿ, ಮಲಗಿ, ಮಷಿನ್ ಆನ್ ಮಾಡಿ ನೋಡಿಯೇ ತಗೊಳ್ಳಿ. ಮಾಸ್ಕ್‌ನಲ್ಲಿರೋ ಸಣ್ಣ ತೂತುಗಳು ಬಿಟ್ಟ ಉಸಿರು ಹೊರಹೋಗೋಕೆ ಇರುವಂಥವು, ಗಾಳಿ ಸೋರ್ತಿದೆ ಅಂತ ಮುಚ್ಚಬೇಡಿ.

ಕರೆಂಟ್: ಕರೆಂಟ್ ಹೋದರೆ ಮಷಿನ್ ನಿಲ್ಲುತ್ತೆ. ಆಗ ಮಾಸ್ಕ್ ತೆಗೆದುಬಿಡಬೇಕು. ಮನೇಲಿ ಇನ್ವರ್ಟರ್ ಇದ್ದರೆ ಅದಕ್ಕೆ ಜೋಡಿಸಬಹುದಾ ಅಂತ ಕೊಡುವವರನ್ನ ಕೇಳಿ. ಗಾಳಿಗೆ ತೇವ ಕೊಡೋ ಹ್ಯುಮಿಡಿಫೈಯರ್ ಹಾಕಿದರೆ ಕರೆಂಟ್ ಹೆಚ್ಚು ತಿನ್ನುತ್ತೆ. ಅದಕ್ಕೆ ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ.

ದಾಖಲೆ: ಎಷ್ಟು ಗಂಟೆ ಬಳಸಿದ್ರಿ, ಗಾಳಿ ಎಷ್ಟು ಸೋರಿತು, ಉಸಿರು ಎಷ್ಟು ಸಲ ನಿಂತಿತು ಅನ್ನೋದನ್ನ ಕಾರ್ಡ್‌ನಲ್ಲೋ ಆ್ಯಪ್‌ನಲ್ಲೋ ಉಳಿಸುವ ಮಷಿನನ್ನೇ ಆರಿಸಿ. ಫಿಕ್ಸೆಡ್ ಆದರೂ ಸರಿ. ಡಾಕ್ಟರ್‌ಗೆ ತೋರಿಸೋಕೆ ಅದೇ ಆಧಾರ.

ಹಾಕಿಕೊಂಡರೆ ಮಾತ್ರ ಲಾಭ

ರಾತ್ರಿಗೆ ಕನಿಷ್ಠ 4 ಗಂಟೆ, 10 ರಾತ್ರಿಯಲ್ಲಿ 7 ರಾತ್ರಿಯಾದರೂ ಬಳಸಿದರೆ ಸರಿಯಾಗಿ ಬಳಸ್ತಿದ್ದಾರೆ ಅಂತ ಡಾಕ್ಟರುಗಳು ಲೆಕ್ಕ ಹಾಕೋದು ರೂಢಿ. ಅದು ಕನಿಷ್ಠ. ನಿದ್ದೆ ಮಾಡುವಷ್ಟು ಹೊತ್ತೂ ಹಾಕಿಕೊಂಡರೆ ಪೂರ್ತಿ ಲಾಭ. 2016ರಲ್ಲಿ ಪ್ರಕಟವಾದ ಸೇವ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಮೊದಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಜನರಿದ್ದರು. ಸಿಪ್ಯಾಪ್ ಕೊಟ್ಟಿದ್ದರಿಂದ ಅವರಲ್ಲಿ ಹೃದಯಾಘಾತ, ಲಕ್ವ ಕಡಿಮೆಯಾಗಲಿಲ್ಲ. ಅವರು ಹಾಕಿಕೊಂಡಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಹಗಲಿನ ತೂಕಡಿಕೆ ಮಾತ್ರ ಅವರಲ್ಲೂ ಕಡಿಮೆಯಾಗಿತ್ತು. ಹಾಗಾಗಿ "ಮಷಿನ್ ಹಾಕಿದ್ರೆ ಹಾರ್ಟ್ ಅಟ್ಯಾಕ್ ಬರಲ್ಲ" ಅಂತ ಯಾರಾದರೂ ಮಾರಿದರೆ ನಂಬಬೇಡಿ. ಬಿಪಿ, ಶುಗರ್ ಮಾತ್ರೆಗಳನ್ನೂ ನಿಲ್ಲಿಸಬೇಡಿ.

ಮೊದಲ ವಾರ ಬಾಯಿ ಒಣಗೋದು, ಮೂಗು ಕಟ್ಟೋದು, ಹೊಟ್ಟೆಗೆ ಗಾಳಿ ತುಂಬಿದಂತಾಗೋದು ಇರುತ್ತೆ. ಇದಕ್ಕೆ ಹೆದರಿ ಎಷ್ಟೋ ಜನ ಮಷಿನನ್ನ ಅಟ್ಟಕ್ಕೆ ಹಾಕ್ತಾರೆ. ಬಹುತೇಕ ತೊಂದರೆ ಮಾಸ್ಕ್ ಬದಲಿಸಿದರೆ, ಹ್ಯುಮಿಡಿಫೈಯರ್ ಹಾಕಿದರೆ, ಒತ್ತಡ ಹೊಂದಿಸಿದರೆ ಸರಿಹೋಗುತ್ತೆ. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿಕೊಳ್ಳಬಹುದು. ಒತ್ತಡ ಜಾಸ್ತಿಯಾಗಿ ತಡೆಯೋಕೆ ಆಗ್ತಿಲ್ಲ ಅನ್ನೋರಿಗೆ ಫಿಕ್ಸೆಡ್‌ನಿಂದ ಆಟೋಗೆ ಬದಲಿಸಿ ನೋಡೋದು ಒಂದು ಉಪಾಯ. ಒತ್ತಡ ಬದಲಾದಾಗೆಲ್ಲ ಎಚ್ಚರವಾಗುವವರಿಗೆ ಆಟೋದಿಂದ ಫಿಕ್ಸೆಡ್‌ಗೆ ಬರೋದೇ ವಾಸಿ.

ಲೈಟ್ ಗೂಡ್ಸ್ ಗಾಡಿ, ಟ್ರ್ಯಾಕ್ಟರ್, ಬಸ್ ಓಡಿಸೋರು, ರಾತ್ರಿ ಮಾರ್ಕೆಟ್‌ಗೆ ಲೋಡ್ ಹೊಡೆಯೋರು ಒಂದು ಮಾತು ನೆನಪಿಡಬೇಕು. ಸ್ಟೇರಿಂಗ್ ಮೇಲೆ ತೂಕಡಿಕೆ ಬರ್ತಿದ್ದರೆ, ಮನೆಯವರು "ಉಸಿರು ನಿಲ್ಲುತ್ತೆ" ಅಂತಿದ್ದರೆ, ಮಷಿನ್ ಯಾವುದು ಅನ್ನೋ ಚರ್ಚೆ ಆಮೇಲೆ. ಮೊದಲು ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ರ ಹೋಗಿ ನಿದ್ದೆ ಪರೀಕ್ಷೆ ಬರೆಸಿಕೊಳ್ಳಿ. ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರ್ಕೊಂಡು ಹೋಗಿ. ರಾತ್ರಿ ಏನಾಗುತ್ತೆ ಅಂತ ಗೊತ್ತಿರೋದು ಅವರಿಗೇ.