ಠವಣೆಕೋಲು: ಒಂದು ಪುರಾತನ ಪರಿಕರದ ವಿಚಾರ

ಕೋಲುಗಳನ್ನು ನಡುವಿನಲ್ಲಿ ಬಿಗಿದು, ಮೇಲೂ ಕೆಳಗೂ ಕವಲಾಗಿ ಹರಡುವಂತೆ ಮಾಡಿದ ಮರದ ಪರಿಕರವೊಂದುಂಟು. ಮಡಿಸಿದರೆ ಅದು ಕೋಲುಗಳ ಕಟ್ಟು. ಬಿಡಿಸಿ ನಿಲ್ಲಿಸಿದರೆ ಡಮರುವಿನ ಆಕಾರ. ಉಗ್ರಾಣದ ಪೂಜಾಸಾಮಗ್ರಿಗಳ ನಡುವೆ ಇಂತಹದನ್ನು ಕಂಡವರು ಕಲಶವಿಡುವ ಅಡ್ಡಣಿಗೆಯೆಂದೋ ದೀಪದ ಕಾಲೆಂದೋ ಭಾವಿಸಿದರೆ ಆಶ್ಚರ್ಯವೇನಿಲ್ಲ. ಇದರ ನಿಜನಾಮ ಠವಣೆಕೋಲು.

ಹೆಸರೇ ಅರ್ಧ ವಿಷಯವನ್ನು ತಿಳಿಸುತ್ತದೆ. ಸಂಸ್ಕೃತದ 'ಸ್ಥಾಪನಾ' ಪ್ರಾಕೃತದಲ್ಲಿ 'ಠವಣಾ' ಆಗಿ, ಕನ್ನಡದಲ್ಲಿ 'ಠವಣೆ'ಯಾಯಿತು. ಏನನ್ನೋ ಇರಿಸುವ ಕೋಲು ಎಂದರ್ಥ. ಇರಿಸುತ್ತಿದ್ದುದು ಏನನ್ನು ಎಂಬುದಕ್ಕೆ ಉತ್ತರ ಶಿಲೆಯಲ್ಲಿದೆ. ಸಲ್ಲೇಖನದಿಂದ ಮುಡಿಪಿದವರ ಸ್ಮಾರಕಗಳಾದ ಕರ್ನಾಟಕದ ನಿಷಿಧಿಗಲ್ಲುಗಳಲ್ಲಿ ಒಂದೆಡೆ ಆಚಾರ್ಯರು, ಎದುರಿಗೆ ಶಿಷ್ಯ ಅಥವಾ ವ್ರತಧಾರಿ, ಇಬ್ಬರ ನಡುವೆ ಠವಣೆಕೋಲು, ಹೀಗೆ ಕೆತ್ತಿದ ಪಟ್ಟಿಕೆಗಳು ಕಂಡುಬರುತ್ತವೆ. ಅದು ಶಾಸ್ತ್ರವನ್ನು ಇರಿಸುವ ಪೀಠ. ಅಂತ್ಯಕಾಲದಲ್ಲಿ ಸಾಧಕನಿಗೆ ಬೇಕಾದುದು ಧರ್ಮಶ್ರವಣವಲ್ಲದೆ ಬೇರೇನು? ಶಿಲ್ಪಿಯು ಅದನ್ನೇ ಕಂಡರಿಸಿದ್ದಾನೆ.

ತಾಳೆಗರಿಯ ಹೊತ್ತಗೆಯ ಸ್ವರೂಪವನ್ನು ನೆನೆದರೆ ಈ ರಚನೆಯ ಔಚಿತ್ಯ ತಿಳಿಯುತ್ತದೆ. ಗರಿಗಳು ಉದ್ದ, ಅಗಲ ಕಿರಿದು. ರಂಧ್ರದಲ್ಲಿ ದಾರ ಪೋಣಿಸಿದ ಬಿಡಿ ಓಲೆಗಳು. ದುಂಡುತಳದ ಕಲಶಕ್ಕೆ ಬಳೆಯಂತಹ ಒತ್ತು ಬೇಕು. ಉದ್ದನೆಯ ಕಟ್ಟಿಗಾದರೋ ಮೇಲಿನ ಕವಲುಗಳೇ ಸಾಕು. ನೆಲದ ತೇವ, ಗೆದ್ದಲುಗಳಿಂದಲೂ ಗ್ರಂಥಕ್ಕೆ ರಕ್ಷಣೆ. ಇದು ಬರಿಯ ಅನುಕೂಲವೂ ಅಲ್ಲ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ವಿನಯವೂ ಒಂದು. ಶ್ರುತವನ್ನು ನೆಲಕ್ಕೆ ತಾಗಿಸದಿರುವುದು ಆ ವಿನಯದ ಭಾಗ.

ಇಲ್ಲಿ ಒಂದು ಸಂದೇಹ ಏಳಬಹುದು. ಗುಜರಾತಿನ ಶ್ವೇತಾಂಬರರಲ್ಲಿ 'ಠವಣೀ' ಎಂಬ ಇದೇ ಬಗೆಯ ಕೋಲುಪೀಠವಿದೆ. ಅದರ ಮೇಲೆ ಇರಿಸುವುದು ಗ್ರಂಥವನ್ನಲ್ಲ, ಸ್ಥಾಪನಾಚಾರ್ಯವನ್ನು. ಅಂದರೆ ಗುರುವಿನ ಅನುಪಸ್ಥಿತಿಯಲ್ಲಿ ಅವರ ಪ್ರತಿನಿಧಿಯಾದ, ವಸ್ತ್ರದಲ್ಲಿ ಸುತ್ತಿದ ವಸ್ತುವನ್ನು. ಹಾಗಾದರೆ ನಿಷಿಧಿಗಲ್ಲಿನ ಪೀಠವೂ ಅದೇ ಏಕಾಗಬಾರದು? ಆದರೆ ಈ ಶಿಲ್ಪಗಳಲ್ಲಿ ಆಚಾರ್ಯರು ಸ್ವತಃ ಪೀಠದ ಪಕ್ಕದಲ್ಲೇ ಆಸೀನರಾಗಿರುತ್ತಾರೆ. ಗುರುವೇ ಎದುರಿಗಿರುವಾಗ ಪ್ರತಿನಿಧಿಯ ಅಗತ್ಯ ಕಾಣದು. ಇಲ್ಲಿ ಶಾಸ್ತ್ರಪೀಠವೆಂಬ ಅರ್ಥವೇ ಸಮಂಜಸ.

ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಟೀಕೆ 1939ರಿಂದ ಅಚ್ಚಿನಲ್ಲಿ ಹೊರಬರತೊಡಗಿತು. ರಟ್ಟು ಹಾಕಿದ ಮುದ್ರಿತ ಪುಸ್ತಕಕ್ಕೆ ಮೇಜೂ ಆಗುತ್ತದೆ, ಮಡಿಲೂ ಆಗುತ್ತದೆ. ಠವಣೆಕೋಲಿನ ಕೆಲಸ ಕಡಿಮೆಯಾದುದು ಸಹಜ. ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಪೂಜಿಸುವಾಗ ಉಗ್ರಾಣದ ಮೂಲೆಯಲ್ಲಿ ಅಂತಹ ಕೋಲುಗಳ ಕಟ್ಟೇನಾದರೂ ಸಿಕ್ಕಿದರೆ, ಸೌದೆಯೊಂದಿಗೆ ಸೇರಿಸುವ ಮುನ್ನ ಒಮ್ಮೆ ಬಿಡಿಸಿ ನಿಲ್ಲಿಸಿ ನೋಡುವುದು ಲೇಸು.