ಸ್ತನ ಕ್ಯಾನ್ಸರಿನ ಚಿಕಿತ್ಸೆಯ ತರುವಾಯ ವ್ಯಾಯಾಮ: ಒಂದು ನಿಷೇಧದ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸವೆಂದರೆ ಔಷಧಗಳ ಮತ್ತು ಶಸ್ತ್ರಕ್ರಿಯೆಗಳ ಇತಿಹಾಸವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ರೋಗಿಯು ಮನೆಗೆ ಮರಳಿದ ಮೇಲೆ ಪಾಲಿಸಬೇಕಾದ ವಿಧಿನಿಷೇಧಗಳಿಗೂ ಒಂದು ಇತಿಹಾಸವುಂಟು. ಸ್ತನ ಕ್ಯಾನ್ಸರಿನಿಂದ ಪಾರಾದ ಸ್ತ್ರೀಯರು ತೋಳಿಗೆ ಶ್ರಮ ಕೊಡಬಾರದೆಂಬ ನಿಷೇಧವು ಎಲ್ಲಿ ಹುಟ್ಟಿತು, ಹೇಗೆ ಅಳಿಯಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗಿದೆ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ ಪ್ರಸಿದ್ಧ ವಿಧಾನವನ್ನು ಪ್ರಕಟಿಸಿದನು. ರೋಗವು ಸ್ತನದಿಂದ ಕ್ರಮವಾಗಿ ಸುತ್ತಲೂ ಹಬ್ಬುವುದೆಂದು ನಂಬಿದ್ದ ಆತನು ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದುಹಾಕುತ್ತಿದ್ದನು. ಅನೇಕ ದಶಕಗಳ ಕಾಲ ಇದೇ ಪ್ರಮಾಣವಾಗಿದ್ದಿತು. ಬದುಕಿ ಉಳಿದವರಲ್ಲಿ ಹಲವರ ಭುಜವು ಬಿಗಿಯಿತು. ದುಗ್ಧರಸವು ಹರಿಯಲು ಮಾರ್ಗವಿಲ್ಲದೆ ತೋಳು ಬಾತುಕೊಂಡಿತು. 1921ರಲ್ಲಿ ಹಾಲ್‌ಸ್ಟೆಡ್ಡನೇ ಈ ಬಾವನ್ನು ಕುರಿತು ಬರೆದನು. ಶ್ರಮದಿಂದ ತೋಳಿಗೆ ರಕ್ತಪ್ರವಾಹ ಹೆಚ್ಚಿ, ಅದರಿಂದ ಬಾವೂ ಹೆಚ್ಚುವುದೆಂಬ ತರ್ಕವೇ ನಿಷೇಧಕ್ಕೆ ಆಧಾರವಾಯಿತು. ತರ್ಕವು ಯುಕ್ತವೆಂದು ತೋರಿತಾದರೂ ಪರೀಕ್ಷೆಗೆ ಒಳಪಟ್ಟಿರಲಿಲ್ಲ. ಕೊಡ ಹೊರುವುದು, ಮಗುವನ್ನೆತ್ತುವುದು ಮೊದಲಾದ ನಿತ್ಯಕರ್ಮಗಳಿಗೂ ಅದು ಅಡ್ಡಿಯಾದುದರಿಂದ ಪ್ರಾಣ ಉಳಿದರೂ ಬಾಳು ಸಂಕುಚಿತವಾಗುತ್ತಿದ್ದಿತು.

ಮೊದಲ ಪ್ರತಿಭಟನೆಯು ರೋಗಿಗಳಿಂದಲೇ ಬಂದಿತು. ಸ್ವತಃ ಈ ಶಸ್ತ್ರಕ್ರಿಯೆಗೆ ಒಳಗಾಗಿದ್ದ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ 1952ರಲ್ಲಿ ‘ರೀಚ್ ಟು ರಿಕವರಿ’ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಹಗ್ಗ ಮತ್ತು ಚೆಂಡಿನ ನೆರವಿನಿಂದ ತೋಳನ್ನು ಸಡಿಲಿಸುವ ವ್ಯಾಯಾಮಗಳನ್ನು ಕಲಿಸಿದರು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು ಅದನ್ನು ತನ್ನದಾಗಿಸಿಕೊಂಡಿತು. ಆದರೆ ಭಾರ ಎತ್ತುವ ವಿಷಯದಲ್ಲಿ ಭಯವು ಹಾಗೆಯೇ ಉಳಿಯಿತು.

1985ರಲ್ಲಿ ಬರ್ನಾರ್ಡ್ ಫಿಶರ್ ಮತ್ತು ಸಹೋದ್ಯೋಗಿಗಳ ಪರೀಕ್ಷೆಯು ಗೆಡ್ಡೆಯನ್ನಷ್ಟೇ ತೆಗೆಯುವ ಚಿಕಿತ್ಸೆಯಿಂದಲೂ ಆಯುಸ್ಸು ಕುಂದದೆಂಬುದನ್ನು ತೋರಿಸಿತು. ಶಸ್ತ್ರಕ್ರಿಯೆ ಕಿರಿದಾಯಿತು, ಅದರಿಂದ ಹುಟ್ಟಿದ ನಿಷೇಧ ಮಾತ್ರ ಕಿರಿದಾಗಲಿಲ್ಲ. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ವೈದ್ಯ ಡಾನ್ ಮೆಕೆಂಜಿ ಇಂತಹ 24 ಮಂದಿ ಸ್ತ್ರೀಯರನ್ನು ಕ್ರಮವಾಗಿ ಸಿದ್ಧಗೊಳಿಸಿ ಡ್ರಾಗನ್ ದೋಣಿಗೆ ಹುಟ್ಟು ಹಾಕಲು ಕೂರಿಸಿದನು. ಹೊಸದಾಗಿ ಯಾರ ತೋಳೂ ಬಾಯಲಿಲ್ಲವೆಂದು 1998ರಲ್ಲಿ ವರದಿ ಮಾಡಿದನು.

ಇದು ಸಣ್ಣ ಪ್ರಯೋಗ. ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ಆ ಕೊರತೆಯನ್ನು 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಕ್ಯಾಥರಿನ್ ಸ್ಮಿಟ್ಜ್ ಮತ್ತು ಸಹೋದ್ಯೋಗಿಗಳು ನೀಗಿದರು. ಆಗಲೇ ತೋಳು ಬಾತಿದ್ದ 141 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ವರ್ಷಕಾಲ ವಾರಕ್ಕೆರಡು ಬಾರಿ ಭಾರ ಎತ್ತುವ ಅಭ್ಯಾಸ ಮಾಡಿಸಲಾಯಿತು. ಬಾವು ಹೆಚ್ಚಲಿಲ್ಲ, ಅದು ಉಲ್ಬಣಿಸಿದ ಪ್ರಸಂಗಗಳು ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 14, ಮಾಡದವರಲ್ಲಿ 29. ಇದಕ್ಕೆ ಮುಂಚೆಯೇ, 2003ರಲ್ಲಿ, ಆಲ್ಬರ್ಟಾ ವಿಶ್ವವಿದ್ಯಾನಿಲಯದ ಕೆರ್ರಿ ಕೂರ್ನಿಯಾ ಮತ್ತು ಸಂಗಡಿಗರು 53 ಮಂದಿಯ ಪರೀಕ್ಷೆಯಲ್ಲಿ, 15 ವಾರಗಳ ಸೈಕಲ್ ವ್ಯಾಯಾಮದಿಂದ ದೇಹಶಕ್ತಿಯೂ ಜೀವನದ ಗುಣಮಟ್ಟವೂ ಸುಧಾರಿಸಿದುದನ್ನು ತೋರಿಸಿದ್ದರು. 2010ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಯು ರೋಗಿಗಳು ನಿಷ್ಕ್ರಿಯರಾಗಿರಬಾರದೆಂದೇ ಸಲಹೆ ನೀಡಿತು.

ಈ ಪರೀಕ್ಷೆಗಳಲ್ಲಿ ಅಭ್ಯಾಸವು ಅಲ್ಪದಿಂದ ಆರಂಭವಾಗಿ, ಅರಿತವರ ಮೇಲ್ವಿಚಾರಣೆಯಲ್ಲಿ ಮೆಲ್ಲಮೆಲ್ಲನೆ ಹೆಚ್ಚಿತೆಂಬುದನ್ನು ಮರೆಯಬಾರದು. ಆದುದರಿಂದ ಎಚ್ಚರಿಕೆ ಎಂಬುದು ಅಳಿಯಲಿಲ್ಲ, ಅದರ ಸ್ವರೂಪ ಬದಲಾಯಿತು. ಕಾರಣವು ಮರೆಯಾದ ಮೇಲೂ ನಿಯಮವು ಬಹುಕಾಲ ಬಾಳಬಲ್ಲದು; ಅದನ್ನು ಪರೀಕ್ಷಿಸದಿದ್ದುದರ ಬೆಲೆಯನ್ನು ತೆತ್ತವರು ರೋಗಿಗಳು.